ಅಪ್ಪನ ಗುಂಡಗಡಗಿಗೆ ಸುತ್ತಿದ್ದ ಬಟ್ಟೆ ಯಾವುದು? ಮಾಜಿ ಸೈನಿಕರು ಇದ್ದರೆ ಹೇಳಿ

ಕರದಂಟು

ಎಲ್ಲರಿಗೂ ಶರಣು. ಎರಡು ಮೂರು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನಮ್ಮಪ್ಪ ತೀರಿಕೊಂಡು ಇವತ್ತಿಗೆ ಹನ್ನೊಂದು ದಿನ. ಎಪ್ಪತ್ತಾರು ವರ್ಷ. ಗೋಕಾಕದ ಹತ್ತಿರದ ಹಳ್ಳಿ ನಮ್ಮದು. ಅಪ್ಪ 1967ರಲ್ಲಿ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಭರ್ತಿಯಾದರು. 1991ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದರು. ಊರಲ್ಲಿ ಅವರ ಹೆಸರು ಯಾರಿಗೂ ಬೇಕಿರಲಿಲ್ಲ. 'ಮಿಲಿಟ್ರಿಯವ್ರ ಮನಿ' ಅಂದರೆ ಬಸ್ ಕಂಡಕ್ಟರ್ ಕೂಡ ನಮ್ಮ ಬಾಗಿಲಿಗೇ ಇಳಿಸುತ್ತಿದ್ದ.

ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದರು. ಸ್ನಾನ, ಆಮೇಲೆ ಲಿಂಗಪೂಜೆ. ಲೈಟು ಹಾಕುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನು ಎಚ್ಚರವಾಗಿ ಕತ್ತಲಲ್ಲಿ ನೋಡುತ್ತಿದ್ದೆ. ಎಡಗೈ ಮುಂದಕ್ಕೆ ಚಾಚಿದೆ, ಬೆನ್ನು ಗೋಡೆಯ ಹಾಗೆ ನೆಟ್ಟಗಿದೆ, ತುಟಿ ಮಾತ್ರ ಅಲ್ಲಾಡುತ್ತಿದೆ. ನಾನು ಕೆಮ್ಮಿದರೂ ತಿರುಗುತ್ತಿರಲಿಲ್ಲ. ಮುಗಿದ ಮೇಲೆ ಲಿಂಗವನ್ನು ಗುಂಡಗಡಗಿಯಲ್ಲಿ, ಅಂದರೆ ಲಿಂಗದ ಬೆಳ್ಳಿ ಕರಡಿಗೆಯಲ್ಲಿಟ್ಟು, ಅದಕ್ಕೊಂದು ಬಟ್ಟೆ ಸುತ್ತಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು.

ಆ ಬಟ್ಟೆಯದೇ ನನ್ನ ಪ್ರಶ್ನೆ. ಬೇರೆಯವರೂ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಾರೆ, ಆದರೆ ಬೆಳ್ಳಿ ಗುಂಡಗಡಗಿಯ ಮೇಲೆ ಬಟ್ಟೆ ಸುತ್ತುವವರನ್ನು ನಾನು ಕಂಡಿಲ್ಲ. ಬೆಳ್ಳಿ ಕಾಣಲಿ ಅಂತಲೇ ಹಾಕಿಕೊಳ್ಳುತ್ತಾರೆ, ಅಲ್ವಾ? ಅಪ್ಪನದು ಒಂದು ಗೇಣಿಗಿಂತ ಚಿಕ್ಕ ತುಂಡು. ದಪ್ಪ, ಮೆತ್ತಗೆ, ಒಂದು ಕಡೆ ಜುಂಗು ಎದ್ದ ಹಾಗೆ. ಹರಿದಾಗ ಬದಲಾಯಿಸುತ್ತಿದ್ದರು, ಆದರೆ ಹೊಸದೂ ಅಂಥದ್ದೇ. ಕರಿ ಟ್ರಂಕಿನಿಂದ ತೆಗೆಯುತ್ತಿದ್ದರು. ಅವ್ವ ರೇಷ್ಮೆ ವಸ್ತ್ರ ಹೊಲಿಸಿ ಕೊಟ್ಟರೂ ಮುಟ್ಟಲಿಲ್ಲ.

ಮಣ್ಣು ಕೊಡುವ ದಿನ ಲಿಂಗ ಅವರ ಜೊತೆಗೇ ಹೋಯಿತು. ಗುಂಡಗಡಗಿ ಮತ್ತು ಬಟ್ಟೆ ನನ್ನ ಕೈಯಲ್ಲಿವೆ. ಅದರಿಂದ ಇವತ್ತಿಗೂ ಎಣ್ಣೆ ವಾಸನೆ ಬರುತ್ತದೆ. ದೀಪದೆಣ್ಣೆ ಅಲ್ಲ.

ಹಳೇ ಗಣಪತ್

ತಂಗಿ, ಮೊದಲು ನಿಮ್ಮಪ್ಪನವರಿಗೆ ನನ್ನದೊಂದು ಸೆಲ್ಯೂಟ್. ನಾನೂ ಅದೇ ರೆಜಿಮೆಂಟ್, ಬೇರೆ ಪಲ್ಟನ್ (ಬೆಟಾಲಿಯನ್). ಭರ್ತಿ 1980.

ಅದು ಚಿಂದಿ. ರೈಫಲ್ ನಳಿಗೆ ಒರೆಸುವ ಬಟ್ಟೆ. ಪುಲ್‌ಥ್ರೂ ಅಂತ ಒಂದು ಹಗ್ಗ ಇರುತ್ತದೆ, ಅದರ ತುದಿಯ ಕುಣಿಕೆಗೆ ಚಿಂದಿ ಸಿಕ್ಕಿಸಿ ನಳಿಗೆಯೊಳಗಿಂದ ಎಳೆಯುವುದು. ಮೊದಲು ಒಣ ಚಿಂದಿ, ಆಮೇಲೆ ಎಣ್ಣೆ ಚಿಂದಿ. ನೀವು ಹೇಳುವ ವಾಸನೆ ರೈಫಲ್ ಎಣ್ಣೆಯದು. ಮೂಗಿಗೆ ಒಮ್ಮೆ ಹತ್ತಿದರೆ ಸಾಯುವ ತನಕ ಹೋಗುವುದಿಲ್ಲ.

ಯಾಕೆ ಸುತ್ತುತ್ತಿದ್ದರು ಅನ್ನುವುದಕ್ಕೆ ನನಗೊಂದು ಅಂದಾಜಿದೆ. ಅದಕ್ಕೆ ಮುಂಚೆ ಹೇಳಿ, ನಿಮ್ಮಪ್ಪ ಯಾವ ಪಲ್ಟನ್? 1971ರಲ್ಲಿ ಎಲ್ಲಿದ್ದರು?

ಕರದಂಟು

ಚಿಂದಿ! ಅಪ್ಪ ನಮ್ಮ ಹಳೇ ಲಂಗಕ್ಕೂ ಚಿಂದಿ ಅಂತಲೇ ಕರೆಯುತ್ತಿದ್ದರು. ನಾವು ಬೈಗುಳ ಅಂದುಕೊಂಡಿದ್ದೆವು.

ಜಂಗಿ ಪಲ್ಟನ್. 1971ರಲ್ಲಿ ಬಾಂಗ್ಲಾದೇಶ. 'ಜಮಾಲ್‌ಪುರ' ಅನ್ನುವ ಹೆಸರು ಮಾತ್ರ ನಮಗೆ ಗೊತ್ತು. ಅದರ ಮೇಲೆ ಕೇಳಿದರೆ ಎದ್ದು ಎಮ್ಮೆಗೆ ನೀರು ಕುಡಿಸಲು ಹೋಗುತ್ತಿದ್ದರು. ಮೆಡಲ್‌ಗಳಲ್ಲಿ ಪೂರ್ವಿ ಸ್ಟಾರ್ ಇದೆ, ಸಂಗ್ರಾಮ್ ಮೆಡಲ್ ಇದೆ. ಅಂಚಿನಲ್ಲಿ ಅವರ ನಂಬರು, ಹೆಸರು ಕೊರೆದಿದೆ.

ಹಳೇ ಗಣಪತ್

ಜಂಗಿ ಪಲ್ಟನ್ ಅಂದರೆ ಒಂದನೇ ಮರಾಠಾ. 1768ರಲ್ಲಿ ಕಟ್ಟಿದ್ದು. ನಮಗೆಲ್ಲ ಅಣ್ಣ.

ಜಮಾಲ್‌ಪುರದ ಕಥೆ ನಮಗೆ ಲಂಗರ್‌ನಲ್ಲಿ (ಸೇನೆಯ ಅಡುಗೆಮನೆ) ಊಟಕ್ಕೆ ಕೂತಾಗ ಹಿರಿಯರು ಹೇಳಿದ್ದು. ಬ್ರಹ್ಮಪುತ್ರದ ದಂಡೆಯ ಪಟ್ಟಣ ಅದು. ಅಲ್ಲಿ ಪಾಕಿಸ್ತಾನದ 31 ಬಲೂಚ್ ಪಲ್ಟನ್ ಗಟ್ಟಿಯಾಗಿ ಕೂತಿತ್ತು. ನಮ್ಮವರು ರಾತ್ರಿ ಹೊಳೆ ದಾಟಿ, ಊರನ್ನು ಸುತ್ತಿ, ಹಿಂದುಗಡೆ ಢಾಕಾಕ್ಕೆ ಹೋಗುವ ರಸ್ತೆಗೆ ಅಡ್ಡ ಕೂತರು. ನಮ್ಮ ಬ್ರಿಗೇಡಿಯರ್ ಕ್ಲೇರ್ ಅವರು ಒಬ್ಬನ ಕೈಲಿ ಕಾಗದ ಕಳಿಸಿದರು, ಸುಮ್ನೆ ಶರಣಾಗಿ ಅಂತ. ಆ ಕಡೆಯ ಕರ್ನಲ್ ಸುಲ್ತಾನ್ ಉತ್ತರ ಬರೆದು, ಕಾಗದದಲ್ಲಿ ಒಂದು ಗುಂಡು ಸುತ್ತಿ ವಾಪಸ್ ಕಳಿಸಿದ. ಇದು ಕಟ್ಟುಕಥೆ ಅಲ್ಲ, ದಾಖಲೆಯಲ್ಲಿದೆ.

ಡಿಸೆಂಬರ್ 10ರ ರಾತ್ರಿ ಆ ಪಲ್ಟನ್ ಕತ್ತಲಲ್ಲಿ ತಪ್ಪಿಸಿಕೊಂಡು ಹೋಗಲು ನೇರ ನಮ್ಮ ಒಂದನೇ ಮರಾಠಾ ಕೂತ ಜಾಗದ ಮೇಲೇ ಬಂದಿತು. ಬರುವುದು ಇವರಿಗೆ ಕೇಳಿಸುತ್ತಿತ್ತು. ಹತ್ತಿರ ಬರುವ ತನಕ ಉಸಿರು ಬಿಗಿಹಿಡಿದು ಮಲಗಿರಬೇಕು. 11ರ ಬೆಳಿಗ್ಗೆ ಜಮಾಲ್‌ಪುರ ಶರಣಾಯಿತು. 12ಕ್ಕೆ ಮುಂದೆ ಪೂಂಗ್ಲಿ ಸೇತುವೆಯ ಹತ್ತಿರ, ವಿಮಾನದಿಂದ ಹಾರಿ ಇಳಿದಿದ್ದ 2 ಪ್ಯಾರಾ ಹುಡುಗರನ್ನು ಸೇರಿಕೊಂಡರು. ಆ 2 ಪ್ಯಾರಾ ಕೂಡ ಮೂಲದಲ್ಲಿ ನಮ್ಮ ಮೂರನೇ ಮರಾಠಾ. ತಮ್ಮ ಅಣ್ಣ ಸಿಕ್ಕ ಹಾಗೆ.

ಈಗ ಚಿಂದಿಗೆ ಬರುತ್ತೇನೆ. ಸೈನಿಕನ ಕೊರಳಲ್ಲಿ ನಂಬರಿನ ಬಿಲ್ಲೆ ಇರುತ್ತದೆ, ಲೋಹದ್ದು. ನಿಮ್ಮಪ್ಪನ ಕೊರಳಲ್ಲಿ ಅದರ ಪಕ್ಕ ಬೆಳ್ಳಿಯ ಗುಂಡಗಡಗಿ. ಎರಡೂ ತಾಗಿದರೆ ಟಿಕ್ ಅನ್ನುತ್ತದೆ. ರಾತ್ರಿ ಹೊಂಚು ಹಾಕಿ ಮಲಗಿದಾಗ ಆ ಒಂದು ಟಿಕ್ ಸಾಕು. ನಾವೆಲ್ಲ ನೀರಿನ ಬಾಟಲಿ ಕೂಡ ಕುಲುಕಿ ನೋಡಿ, ಶಬ್ದ ಬಂದರೆ ಬಟ್ಟೆ ತುರುಕುತ್ತಿದ್ದೆವು. ಕೈಗೆ ಸಿಗುವ ಬಟ್ಟೆ ಅಂದರೆ ಚಿಂದಿ.

ಇದು ನನ್ನ ಊಹೆ. ಆದರೆ ಜಾಸ್ತಿ ತಪ್ಪಿರಲಾರದು.

ಕರದಂಟು

ಎರಡು ಸಲ ಓದಿದೆ. ಅವ್ವನಿಗೂ ಓದಿ ಹೇಳಿದೆ. ಅವ್ವ ಅಂದಳು, "ಲಗ್ನಾದ ಹೊಸದರಾಗ ನನ್ನ ಕಾಲಗೆಜ್ಜಿ ತಗಸಿದ್ರು. ರಾತ್ರಿ ಸಪ್ಪಳಾದ್ರ ಎದ್ದು ಕುಂಡರತಿದ್ರು."

ಇಷ್ಟು ವರ್ಷ ಇದನ್ನು ನಮಗೆ ಯಾರಿಗೂ ಹೇಳಿರಲಿಲ್ಲ ಆಕೆ.

ನೆಲ್ಲಕ್ಕಿ ದೀಪ

ನಾನು ಕೊಡಗಿನವನು. ನಮ್ಮಲ್ಲಿ ಮನೆಗೊಬ್ಬರು ಸೇನೆಯವರು, ಕೆಲವು ಮನೆಯಲ್ಲಿ ಮೂವರು. ನಮ್ಮಜ್ಜ ಸುಬೇದಾರ್ ಆಗಿದ್ದವರು. ಐನ್‌ಮನೆಯ (ಕುಲದ ಮೂಲ ಮನೆ) ನೆಲ್ಲಕ್ಕಿ ಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ತೂಗುವ ದೀಪಕ್ಕೆ ಸಂಜೆ ಕೈ ಮುಗಿಯುತ್ತಿರಲಿಲ್ಲ, ಅಟೆನ್ಶನ್‌ನಲ್ಲಿ ನಿಲ್ಲುತ್ತಿದ್ದರು. ಅಜ್ಜಿಗೆ ಅದನ್ನು ಕಂಡರೆ ನಗು. ಕೈಲ್‌ಪೊಳ್ದ್ ದಿನ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬದಲ್ಲಿ, ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆಗಿಡುವ ಮುಂಚೆ ಅರ್ಧ ದಿನ ಕೂತು ನಳಿಗೆ ಒರೆಸುತ್ತಿದ್ದರು. ಈ ಚಿಂದಿಯ ಹೆಸರು ನಾನು ಅವರ ಬಾಯಲ್ಲೇ ಕೇಳಿದ್ದು.

ಸಾವಾದರೆ ನಮ್ಮಲ್ಲಿ ಎರಡು ಗುಂಡು ಒಂದರ ಹಿಂದೊಂದು ಹಾರಿಸುತ್ತಾರೆ, ಸುತ್ತಲಿನವರಿಗೆ ಸುದ್ದಿ ಮುಟ್ಟಲಿ ಅಂತ. ಗಂಡು ಮಗು ಹುಟ್ಟಿದರೆ ಒಂದು. ಅಜ್ಜನಿಗೆ ಹಾರಿಸಿದಾಗ ನಾನೇ ಎರಡನೆಯದು ಹಾರಿಸಿದವನು. ಕೈ ನಡುಗಿ ತಡವಾಯಿತು. ಅಜ್ಜ ಇದ್ದಿದ್ದರೆ ಬೈಯುತ್ತಿದ್ದರು.

ನಿಮ್ಮ ಕಡೆ ಮಣ್ಣು ಮಾಡುವಾಗ ಸೇನೆಯವರು ಬಂದಿದ್ದರಾ?

ಕರದಂಟು

ತಾಲ್ಲೂಕಿನ ಮಾಜಿ ಸೈನಿಕರು ಹನ್ನೆರಡು ಮಂದಿ ಬಂದಿದ್ದರು. ನಮ್ಮಲ್ಲಿ ಗೊತ್ತಲ್ಲ, ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಹಾಕಿ ಕೂರಿಸಿದ್ದರು. ರಾತ್ರಿಯೆಲ್ಲ ಭಜನೆ. ಬೆಳಿಗ್ಗೆ ಇವರು ಹಳೇ ಮೆಡಲ್ ಹಾಕಿಕೊಂಡು, ಸಾಲಾಗಿ ನಿಂತು, ಒಬ್ಬರು ಕೂಗಿದ ತಕ್ಷಣ ಒಟ್ಟಿಗೆ ಸೆಲ್ಯೂಟ್ ಹೊಡೆದರು. ಅದರಲ್ಲೊಬ್ಬರಿಗೆ ಪಾರ್ಶ್ವವಾಯು ಆಗಿ ಬಲಗೈ ಏಳುವುದಿಲ್ಲ. ಎಡಗೈಯಿಂದ ಬಲಗೈ ಹಿಡಿದೆತ್ತಿ ಹಣೆಗೆ ಮುಟ್ಟಿಸಿದರು.

ಅಪ್ಪ ಎದುರಿಗೆ ಕೂತೇ ಇದ್ದಾರೆ. ಈಗ ಎದ್ದು ನಿಲ್ಲುತ್ತಾರೇನೋ ಅನ್ನಿಸಿಬಿಟ್ಟಿತು ನನಗೆ. ಯಾರು ಸೆಲ್ಯೂಟ್ ಹೊಡೆದರೂ ಕೂತಿರುವ ಮನುಷ್ಯ ಅಲ್ಲ ಅವರು.

ಆಮೇಲೆ ಕುಣಿಯಲ್ಲಿ ಇಳಿಸಿ, ಗೂಡಿನಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟರು. ಬಿಲ್ವಪತ್ರೆ, ವಿಭೂತಿ. ಮೆಡಲ್‌ಗಳನ್ನೂ ಇಡೋಣ ಅಂತ ನನ್ನ ತಮ್ಮ ಅಂದ. ಸ್ವಾಮಿಗಳು ಬೇಡ ಅಂದರು, ಲಿಂಗ ಒಂದೇ. ತಮ್ಮನಿಗೆ ಇನ್ನೂ ಬೇಜಾರಿದೆ.

ಬಯಲು

ಸ್ವಾಮಿಗಳು ಹೇಳಿದ್ದು ಸರಿ. ಮೆಡಲ್ ಮೊಮ್ಮಕ್ಕಳಿಗೆ ಇರಲಿ.

ಇನ್ನೊಂದು, ತಪ್ಪು ತಿಳಿಯಬೇಡಿ. ನಿಮ್ಮ ತಂದೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಿದ್ದರು ಅಂತ ಗೋಕಾಕದ ಗೆಳೆಯರೊಬ್ಬರು ಹೇಳಿದರು. ಅಂಗದ ಮೇಲೆ ಲಿಂಗ ಇರುವವನಿಗೆ ಗುಡಿ ಯಾಕೆ? ಬಸವಣ್ಣನವರು ಇಷ್ಟಲಿಂಗ ಕೊಟ್ಟಿದ್ದೇ ಗುಡಿಯ ಹಂಗು ಬೇಡ ಅಂತ. ನಿಷ್ಠೆಯಿಂದ ಪೂಜೆ ಮಾಡುವವರೇ ಹೀಗೆ ಮಾಡಿದರೆ ಬೇರೆಯವರಿಗೆ ಏನು ಹೇಳೋಣ?

ಮಿಲಿಟ್ರಿ ಸೊಸೆ

ಹನ್ನೊಂದು ದಿನ ಆಗಿದೆ ಅಣ್ಣ. ಇದನ್ನು ಇವತ್ತೇ ಕೇಳಬೇಕಿತ್ತಾ? ಅಕ್ಕಮಹಾದೇವಿಯೂ ಶ್ರೀಶೈಲಕ್ಕೇ ಹೋದವಳು, ನೆನಪಿರಲಿ.

ಕರದಂಟು

ಇರಲಿ ಬಿಡಿ, ಈ ಪ್ರಶ್ನೆ ನಮ್ಮ ಮಠದಲ್ಲೇ ಅಪ್ಪನಿಗೆ ಕೇಳಿದ್ದರು. ಅಪ್ಪ ಅಂದಿದ್ದು, "ನಾ ದೇವರನ್ನ ನೋಡಾಕ ಹೋಗಿಲ್ರಿ. ನಡಿಯಾಕ ಹೋಗೇನಿ."

ಅದು ನಿಜ. ನಾನೂ ಒಂದು ವರ್ಷ ಜೊತೆಗೆ ಹೋಗಿದ್ದೆ, ಆಗ ನನಗೆ ಹದಿನೆಂಟು. ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ಕಂಬಿ (ಕಾವಡಿ) ಹೊತ್ತು ನಮ್ಮ ಕಡೆಯಿಂದ ಊರಿಗೆ ಊರೇ ಹೊರಡುತ್ತದೆ. ಹದಿನೈದು ದಿನಕ್ಕೂ ಜಾಸ್ತಿ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಬಿಸಿಲು ಅಂದರೆ ಬಿಸಿಲು. ಡಾಂಬರು ಕುದಿಯುತ್ತಿರುತ್ತದೆ, ಬಹಳ ಜನ ಬರಿಗಾಲು. ದಾರಿಯ ಊರುಗಳಲ್ಲಿ ಮಜ್ಜಿಗೆ, ಕಲ್ಲಂಗಡಿ, ರೊಟ್ಟಿ, ಏನು ಬೇಕಾದರೂ ಕರೆದು ಕೊಡುತ್ತಾರೆ. ಕೊನೆಗೆ ನಲ್ಲಮಲದ ಕಾಡು, ಭೀಮನಕೊಳ್ಳ ಇಳಿದು ಹತ್ತಬೇಕು.

ರಾತ್ರಿ ಎಲ್ಲರೂ ಊಟ ಮಾಡಿ ಬಿದ್ದುಕೊಳ್ಳುವ ಹೊತ್ತಿಗೆ ಅಪ್ಪ ಬ್ಯಾಟರಿ ಹಿಡಿದು ಬರುತ್ತಿದ್ದರು. "ಫುಟ್ ಇನ್ಸ್‌ಪೆಕ್ಷನ್!" ಎಲ್ಲರೂ ಕಾಲು ಚಾಚಿ ಸಾಲಾಗಿ ಕೂರಬೇಕು. ಗೌಡರಾಗಲಿ, ಕಂಬಿ ಹೊತ್ತವರಾಗಲಿ, ಹಿಂದಿನ ಓಣಿಯ ಮುದುಕಿಯಾಗಲಿ. ಅಪ್ಪ ಮೊಣಕಾಲೂರಿ ಒಬ್ಬೊಬ್ಬರ ಪಾದವನ್ನೂ ತೊಡೆಯ ಮೇಲೆ ಎತ್ತಿಟ್ಟುಕೊಂಡು ಬೆರಳ ಸಂದಿ ಬಿಡಿಸಿ ನೋಡುತ್ತಿದ್ದರು. ಗುಳ್ಳೆ ಎದ್ದಿದ್ದರೆ ಸೂಜಿ ಕಾಯಿಸಿ ಚುಚ್ಚುವುದು, ನೀರು ಒತ್ತಿ ತೆಗೆಯುವುದು, ಹರಳೆಣ್ಣೆ ಹಚ್ಚುವುದು. ಒಡೆದ ಹಿಮ್ಮಡಿಗೆ ಬೈಗುಳ ಬೇರೆ, ಅದೂ ಮರಾಠಿಯಲ್ಲಿ. ಅಪ್ಪ ಕನ್ನಡದಲ್ಲಿ ಪೂಜೆ, ಹಿಂದಿಯಲ್ಲಿ ಹುಕುಂ, ಮರಾಠಿಯಲ್ಲಿ ಬೈಗುಳ ಅಂತ ಭಾಗ ಮಾಡಿಕೊಂಡಿದ್ದರು.

ನಲವತ್ತು ಮಂದಿ ಅಂದರೆ ಎಂಬತ್ತು ಕಾಲು. ಮುಗಿಯುವಾಗ ಹನ್ನೊಂದಾಗುತ್ತಿತ್ತು. ನಾಲ್ಕಕ್ಕೆ ಮತ್ತೆ ಎದ್ದು ಲಿಂಗಪೂಜೆ.

ಶ್ರೀಶೈಲ ಮುಟ್ಟಿದ ಮೇಲೆ ಎಲ್ಲರೂ ಗುಡಿಯ ಸಾಲಿಗೆ ಓಡಿದರೆ ಅಪ್ಪ ಹೊರಗೆ ಚಪ್ಪಲಿ ಕಾಯುತ್ತಾ ಕೂತಿದ್ದರು.

ಬಯಲು

ತಾಯಿ, ನನ್ನ ಪ್ರಶ್ನೆ ವಾಪಸ್ ತಗೊಂಡೆ. ಶರಣು.

ಹಳೇ ಗಣಪತ್

ಫುಟ್ ಇನ್ಸ್‌ಪೆಕ್ಷನ್! ರೂಟ್ ಮಾರ್ಚ್ ಮುಗಿದ ಮೇಲೆ ನಮ್ಮ ಸಾಹೇಬರುಗಳು ಹೀಗೇ ಮಾಡುತ್ತಿದ್ದರು. ಇಪ್ಪತ್ತೆರಡರ ಹುಡುಗ ಲೆಫ್ಟಿನೆಂಟ್ ಬಂದು, ನಲವತ್ತರ ಹವಾಲ್ದಾರನ ಕಾಲು ಬಗ್ಗಿ ನೋಡಬೇಕು. ಕಾಲು ಹೋದರೆ ಇನ್‌ಫೆಂಟ್ರಿ ಹೋಯಿತು. ಕಾಲುಚೀಲದ ಒಳಗಡೆ ಸೋಪು ತಿಕ್ಕುವುದೂ ಆಗಲೇ ಕಲಿತಿದ್ದು. ನಿಮ್ಮಪ್ಪ ಆ ಡ್ಯೂಟಿಯನ್ನು ಮಲ್ಲಯ್ಯನ ಪಲ್ಟನ್‌ಗೆ ಮಾಡಿದರು, ಅಷ್ಟೇ.

ಹೆಸರು ಬೇಡ

ಇಲ್ಲಿ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮಪ್ಪನೂ ಮಾಜಿ ಸೈನಿಕ, ದೊಡ್ಡ ದೈವಭಕ್ತ. ದಿನಕ್ಕೆ ಎರಡು ಹೊತ್ತು ಪೂಜೆ. ಪೂಜೆ ಮುಗಿಸಿ ಎದ್ದ ಕೈಯಲ್ಲೇ ಬೆಲ್ಟು. ಹಾಸಿಗೆ ಮಡಿಸಿದ್ದು ಸೊಟ್ಟಗಿದ್ದರೆ ಏಟು, ಐದು ನಿಮಿಷ ತಡವಾದರೆ ಏಟು. ತೀರಿಕೊಂಡಾಗ ಊರವರೆಲ್ಲ 'ಎಂಥ ಶಿಸ್ತು, ಎಂಥ ಭಕ್ತಿ' ಅಂದರು. ನಾನು ತಲೆ ಅಲ್ಲಾಡಿಸುತ್ತಾ ನಿಂತಿದ್ದೆ. ನಿಮ್ಮ ಬರಹ ಓದಿ ಹೊಟ್ಟೆಕಿಚ್ಚಾಯಿತು. ನಿಜ ಹೇಳುತ್ತಿದ್ದೇನೆ.

ಕರದಂಟು

ಬರೆದಿದ್ದು ಒಳ್ಳೆಯದಾಯಿತು. ನಮ್ಮಪ್ಪ ಹೊಡೆಯಲಿಲ್ಲ, ಆದರೆ ಮಾತೂ ಆಡಲಿಲ್ಲ. ನನ್ನ ಮದುವೆ ಮುರಿದು ಮನೆಗೆ ಬಂದಾಗ ಏನಾಯಿತು ಅಂತ ಒಂದು ಮಾತು ಕೇಳಲಿಲ್ಲ. ಊರವರು ಆಡಿಕೊಂಡಾಗ ನನ್ನ ಪರವಾಗಿ ಬಾಯಿ ಬಿಡಲಿಲ್ಲ. ಸಂಜೆ ನನ್ನ ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ನನ್ನ ಹೆಸರು ಬರೆಯುತ್ತಾ ಕೂತರು, ತಮ್ಮ ಟ್ರಂಕಿನ ಮೇಲಿರುವ ಹಾಗೆಯೇ. ಇನ್ನು ಇಲ್ಲೇ ಇರು ಅಂತ ಅದರ ಅರ್ಥ ಅಂತ ಈಗ ಅನ್ನಿಸುತ್ತದೆ. ಆಗ ನನಗೆ ಬೇಕಿದ್ದುದು ಮಾತು. ಆ ಸಿಟ್ಟು ಪೂರ್ತಿ ಹೋಗಿಲ್ಲ.

ಪಿಂಚಣಿ ಗುಮಾಸ್ತ

ದುಃಖದ ಮಧ್ಯೆ ಲೆಕ್ಕದ ಮಾತು, ಕ್ಷಮಿಸಿ. ಆದರೆ ತಡ ಮಾಡಿದರೆ ನಿಮ್ಮ ತಾಯಿಗೇ ಕಷ್ಟ.

ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ತೆಗೆಸಿ. ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪಿಂಚಣಿ ಮಂಜೂರಾತಿ ಪತ್ರ) ಹುಡುಕಿ, ಕರಿ ಟ್ರಂಕಿನಲ್ಲೇ ಇರುತ್ತವೆ. ಅಪ್ಪನವರ ಪಿಂಚಣಿ ಸೇನೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆ ಸ್ಪರ್ಶ್‌ಗೆ ಸೇರಿದ್ದರೆ ಸಾವಿನ ವಿಷಯ ಅಲ್ಲೇ ದಾಖಲಿಸಬೇಕು. ಅಲ್ಲಿಯ ತನಕ ಖಾತೆಗೆ ಅವರ ಪಿಂಚಣಿ ಬಂದರೆ ತೆಗೆಯಬೇಡಿ, ಆಮೇಲೆ ಕತ್ತರಿಸುತ್ತಾರೆ. ಅವರಿಗೆ 67 ದಾಟಿದ್ದರಿಂದ ತಾಯಿಗೆ ಸಿಗುವುದು ಸಾಮಾನ್ಯ ದರದ ಕುಟುಂಬ ಪಿಂಚಣಿ. ತಾಯಿಗೆ 80 ತುಂಬಿದರೆ ಅದರ ಮೇಲೆ 20 ಪರ್ಸೆಂಟ್ ಸೇರುತ್ತದೆ, 85ಕ್ಕೆ 30, 90ಕ್ಕೆ 40. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚಿಕಿತ್ಸೆ, ಕ್ಯಾಂಟೀನ್ ಕಾರ್ಡ್ ಎರಡೂ ತಾಯಿಯ ಹೆಸರಿಗೆ ಆಗುತ್ತವೆ.

ಮುಖ್ಯವಾಗಿ, ಸೇನೆಯ ದಾಖಲೆಯಲ್ಲಿ ತಾಯಿಯ ಹೆಸರು ಹೇಗಿದೆ ಅಂತ ಈಗಲೇ ನೋಡಿ.

ಕರದಂಟು

ನೋಡಿದೆ. ದಾಖಲೆಯಲ್ಲಿ ಹೆಸರಿನ ಕೊನೆಗೆ 'ವ್ವ' ಇದೆ, ಆಧಾರ್‌ನಲ್ಲಿ 'ಮ್ಮ' ಮಾಡಿದ್ದಾರೆ. ಮೊನ್ನೆ ಒಂದು ಕೌಂಟರ್‌ನಲ್ಲಿ ಇದೇ ಕಾರಣಕ್ಕೆ ವಾಪಸ್ ಕಳಿಸಿದರು. "ಐವತ್ತು ವರ್ಷ ಬಾಳ್ವೆ ಮಾಡಿದಾಕಿ ನಾನ ಅಲ್ಲೇನು?" ಅಂತ ಅವ್ವ ಅಲ್ಲೇ ಕೂತುಬಿಟ್ಟಳು.

ಪಿಂಚಣಿ ಗುಮಾಸ್ತ

ಉತ್ತರ ಕರ್ನಾಟಕದ ಅರ್ಧ ಕಡತ ಈ ವ್ವ-ಮ್ಮ ಜಗಳದಲ್ಲೇ ನಿಂತಿರುತ್ತವೆ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ. ನೀವು ಬೆಳಗಾವಿಯ ಹತ್ತಿರವೇ ಇದ್ದೀರಿ, ರೆಜಿಮೆಂಟಿನ ರೆಕಾರ್ಡ್ಸ್ ಅಲ್ಲೇ ಇದೆ. ಡಿಸ್ಚಾರ್ಜ್ ಬುಕ್ ಹಿಡಿದು ನೇರ ಹೋಗಿ. ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಯವರ ಹತ್ತಿರ ಒಂದು ಪತ್ರ ಪಡೆದುಕೊಂಡರೆ ಇನ್ನೂ ಸುಲಭ.

ಹಳೇ ಗಣಪತ್

ಬೆಳಗಾವಿಗೆ ಬರುವ ದಿನ ಇಲ್ಲಿ ಬರೆಯಿರಿ. ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. ಅವ್ವನನ್ನೂ ಕರೆದುಕೊಂಡು ಬನ್ನಿ.

ಕರದಂಟು

ಡಿಸ್ಚಾರ್ಜ್ ಬುಕ್ ಹುಡುಕಲು ಟ್ರಂಕ್ ಪೂರ್ತಿ ಖಾಲಿ ಮಾಡಿದೆ. ತಳದಲ್ಲಿ ಚಿಂದಿಯ ಒಂದು ಸುರುಳಿ, ಅರ್ಧಕ್ಕಿಂತ ಕಡಿಮೆ ಉಳಿದಿದೆ. ಅವ್ವ ಕೊಟ್ಟ ರೇಷ್ಮೆ ವಸ್ತ್ರ ಕಾಗದದಲ್ಲಿ ಸುತ್ತಿಟ್ಟಿದ್ದರು, ನುಸಿಗುಳಿಗೆ ಹಾಕಿ. ಒಂದು ತಗಡಿನ ಡಬ್ಬಿಯಲ್ಲಿ ನಾಲ್ಕು ಸೂಜಿ, ದಾರ, ಬೆಂಕಿಪೊಟ್ಟಣ.

ನಿನ್ನೆ ಸಂಜೆ ಪಾದಯಾತ್ರೆಯ ಹಿರಿಯರು ಮಾತನಾಡಿಸಲು ಬಂದಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ಈ ಸಲ ಕಾಲು ಯಾರ್ ನೋಡ್ತಾರವ್ವಾ?" ಅಂದರು. ನಾನು ನೋಡುತ್ತೇನೆ ಅಂತ ಬಾಯಿಗೆ ಬಂದುಬಿಟ್ಟಿತು. ಈಗ ಹೆದರಿಕೆ. ಗಣಪತ್ ಕಾಕಾ, ಗುಳ್ಳೆಗೆ ಸೂಜಿ ಎಲ್ಲಿ ಚುಚ್ಚಬೇಕು? ಆ ದಾರ ಯಾಕೆ ಇಟ್ಟಿದ್ದರು?

ಹಳೇ ಗಣಪತ್

ಗುಳ್ಳೆಯ ನೆತ್ತಿಗಲ್ಲ, ಬುಡಕ್ಕೆ, ಪಕ್ಕದಿಂದ. ಮೇಲಿನ ಚರ್ಮ ಕೀಳಬಾರದು. ನಾವು ದಾರ ಪೋಣಿಸಿ ಒಳಗೇ ಬಿಡುತ್ತಿದ್ದೆವು, ನೀರು ಇಳಿದು ಹೋಗಲಿ ಅಂತ.

ಸಿಸ್ಟರ್ ಧಾರವಾಡ

ದಾರ ಒಳಗೆ ಬಿಡಬೇಡಿ ಕಾಕಾ, ನಂಜಾಗುತ್ತದೆ. ಮೊದಲು ಸೋಪಿನಲ್ಲಿ ನಿಮ್ಮ ಕೈ ಮತ್ತು ಅವರ ಕಾಲು ಎರಡನ್ನೂ ತೊಳೆಯಿರಿ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ, ಡಬ್ಬಿಯ ನಾಲ್ಕು ಸೂಜಿ ಸಾಲುವುದಿಲ್ಲ, ಹೊಸ ಪ್ಯಾಕೆಟ್ ತಗೊಳ್ಳಿ. ಸಣ್ಣ ಗುಳ್ಳೆ ಆದರೆ ಚುಚ್ಚದೆ ಪಟ್ಟಿ ಹಾಕಿ ಬಿಡಿ. ಸಕ್ಕರೆ ಕಾಯಿಲೆ ಇದೆಯಾ ಅಂತ ಮೊದಲೇ ಕೇಳಿ, ಇದ್ದರೆ ಮುಟ್ಟದೆ ಆಸ್ಪತ್ರೆಗೆ ಕಳಿಸಿ.

ಹಳೇ ಗಣಪತ್

ಸಿಸ್ಟರ್ ಹೇಳಿದ ಹಾಗೆ ಮಾಡಿ. ಮತ್ತೆ, ಬ್ಯಾಟರಿಗೆ ಹೊಸ ಸೆಲ್ ಹಾಕಿಸಿಕೊಳ್ಳಿ.

ಕರದಂಟು

ಬರೆದುಕೊಂಡೆ. ಬುಧವಾರ ಬೆಳಗಾವಿಗೆ ಬರುತ್ತಿದ್ದೇವೆ, ಹತ್ತೂವರೆ ಬಸ್ಸಿಗೆ. ಅವ್ವ ನಿಮಗೆ ಕರದಂಟು ಕಟ್ಟಿಡುತ್ತಿದ್ದಾಳೆ.